‘ಬಿಡಬೇಕ್ರಿ’ ಅಂದ್ರ ಏನು? ಒಂದು ಅಳತೆಗೋಲಿನ ಇತಿಹಾಸ

1/5
ಬಾದಾಮಿಯ ಮೂರನೇ ಗುಹೆಗೆ ಹೋದವರೆಲ್ಲ ವಿಷ್ಣುವಿನ ಮುಂದೆ ಫೋಟೋ ತಗೋತೀರಿ. ಮುಂದಿನ ಸಲ ಅಲ್ಲಿನ ಶಾಸನಗಳನ್ನೂ ನೋಡ್ರಿ. ಮಂಗಳೇಶ ಈ ಗುಡಿಗೆ ಒಂದು ಊರು ದಾನ ಕೊಟ್ಟ ಮಾತು ಕ್ರಿ.ಶ. 578ರ ಸಂಸ್ಕೃತ ಶಾಸನದಲ್ಲಿದೆ, ಕನ್ನಡ ಶಾಸನದಲ್ಲೂ ಇದೆ. ಸಂಸ್ಕೃತದ್ದು ಉದ್ದ, ಕನ್ನಡದ್ದು ಚಿಕ್ಕದು. ಕನ್ನಡದವರು ಗುಹಾ ದೇವಾಲಯಕ್ಕೆ ‘ಕಲ್ಮನೆ’ ಅಂದ್ರು. ಶಬ್ದಕ್ಕೆ ಶಬ್ದ ಜೋಡಿಸಲಿಲ್ಲ, ಇಲ್ಲಿನ ಮಾತು ಬಳಸಿದರು.
ಇವತ್ತಿನ ಪ್ರಶ್ನೆಯೂ ಅಂಥದ್ದೇ. ಕೌನ್ಸೆಲಿಂಗ್ ಮಾತುಕತೆಗೆ ಮಾರ್ಕ್ಸ್ ಕೊಡುವ ಇಂಗ್ಲಿಷ್ ಟೂಲ್ ಕನ್ನಡಕ್ಕೆ ಬಂದರೆ ಅದನ್ನ ನಂಬಬಹುದಾ?

2/5
1982. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ನಾರ್ವೆಯ ಬರ್ಗನ್ ಹತ್ತಿರದ ಕ್ಲಿನಿಕ್‌ನಲ್ಲಿದ್ದರು. ಕುಡಿತದ ಚಟ ಇದ್ದವರ ಜೊತೆ ಹೆಂಗೆ ಮಾತಾಡಬೇಕು ಅಂತ ತೋರಿಸುವಾಗ ಅಲ್ಲಿನವರು ನಿಲ್ಲಿಸಿ ನಿಲ್ಲಿಸಿ ಕೇಳಿದರು: ಈ ಮಾತು ಯಾಕೆ ಆಡಿದ್ರಿ? ಆ ಉತ್ತರಗಳು 1983ರಲ್ಲಿ ಲೇಖನವಾದವು. ಸಾರ ಇಷ್ಟೇ: ಬೈಬೇಡಿ, ಹೆದರಿಸಬೇಡಿ. ಬಿಡಬೇಕು ಅನ್ನೋ ಕಾರಣ ಅವರ ಬಾಯಿಂದಲೇ ಬರಲಿ. ಹೆಸರು: ಮೋಟಿವೇಷನಲ್ ಇಂಟರ್‌ವ್ಯೂಯಿಂಗ್.
ಸರಿಯಾಗಿ ಮಾಡಿದ್ದಾರಾ ಅಂತ ನೋಡೋಕೆ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಥೆರೆಸಾ ಮೋಯರ್ಸ್ ತಂಡ ‘ಮಿಟಿ’ ಎಂಬ ಟೂಲ್ ಮಾಡಿತು. 20 ನಿಮಿಷದ ರೆಕಾರ್ಡಿಂಗ್ ಕೇಳಿ ಎಣಿಸಬೇಕು: ಪ್ರಶ್ನೆ ಎಷ್ಟು, ಎದುರಿನವರ ಮಾತನ್ನ ಅರ್ಥ ಮಾಡ್ಕೊಂಡು ತಿರುಗಿ ಹೇಳಿದ್ದು ಎಷ್ಟು. ಸ್ವೀಡನ್‌ನವರು ಇದನ್ನ ತಮ್ಮ ಭಾಷೆಗೆ ತಂದಾಗ ಮತ್ತೆ ಪರೀಕ್ಷೆ ಮಾಡಿದರು.

3/5
ಪರೀಕ್ಷೆ ಅಂದ್ರ? ನಮ್ಮ ಬಿಕಾಂನ ಆಡಿಟ್ ಇದ್ದಂಗ. ಒಂದೇ ಲೆಕ್ಕ ಇಬ್ಬರು ನೋಡಿದರೆ ಉತ್ತರ ಒಂದೇ ಬರಬೇಕು. ಇಬ್ಬರು ಕೇಳುಗರು 100 ಮಾತುಗಳಲ್ಲಿ 80ಕ್ಕೆ ಒಂದೇ ಗುರುತು ಹಾಕಿದರು ಅನ್ಕೊಳ್ಳಿ. ಭಾರೀ ಆತು ಅನಿಸ್ತದ. ಆದರೆ ಕಣ್ಣು ಮುಚ್ಚಿ ಅರ್ಧಕ್ಕರ್ಧ ಟಿಕ್ ಹಾಕಿದ್ರೂ 50 ಹೊಂದುತ್ತಿದ್ದವು. ಆ 50 ಕಳೆದರೆ, ಉಳಿದ 50ರಲ್ಲಿ ಗಳಿಸಿದ್ದು 30. ಅಂದರೆ 0.6. ಈ ಲೆಕ್ಕವನ್ನ 1960ರಲ್ಲಿ ಕೊಟ್ಟವರು ಜೇಕಬ್ ಕೋಹೆನ್, ಹೆಸರು ‘ಕಪ್ಪಾ’.

4/5
ನಮಗ್ಯಾಕೆ ಇದು? 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 3 ಜನರಲ್ಲಿ ಎಚ್‌ಐವಿ ಕಂಡುಬಂತು. ಪರೀಕ್ಷೆ ಮಾಡಿಸ್ರಿ, ದಿನಾ ಗುಳಿಗಿ ತಗೋರಿ ಅಂತ ಒಪ್ಪಿಸುವ ಕೆಲಸ ಆಪ್ತ ಸಮಾಲೋಚಕರದ್ದು. ಕುಡಿತ, ಗುಟ್ಕಾ ಬಿಡಿಸೋದೂ ಮಾತಿನಿಂದಲೇ.
ಈಗ ಹುನಗುಂದ, ಇಳಕಲ್ಲ ಕಡೆ ಮಾತು ಕೇಳ್ರಿ.
‘ಬಿಡಬೇಕ್ರಿ’: ಆಸೆನಾ, ಅನಿವಾರ್ಯನಾ? ಇಂಗ್ಲಿಷ್ ಪದ್ಧತಿಯಲ್ಲಿ ಇವೆರಡು ಬೇರೆ ಖಾನೆ. ನಮ್ಮ ‘ಬೇಕು’ ಎರಡಕ್ಕೂ ಒಂದೇ.
‘ಬಿಡಬೇಕಂತ ಮಾಡೀನ್ರಿ’: ಹೊರಗಿನವರಿಗೆ ಏನೋ ಮಾಡಿ ಮುಗಿಸಿದಂಗ ಕೇಳ್ತದ. ಇಲ್ಲಿ ಅದು ಬರೀ ವಿಚಾರ.
‘ಶ್ರಾವಣದಾಗ ಬಿಡ್ತೀನ್ರಿ’: ಈ ಶ್ರಾವಣಕ್ಕಾ, ವರ್ಷಾ ವರ್ಷಾನಾ?
‘ಆತ್ರಿ ಅಕ್ಕಾರ, ಬಿಡ್ತೀನಿ’: ಮಾತು ಕೊಟ್ಟಿದ್ದಾ, ಎದ್ದು ಹೋಗೋಕೆ ಮರ್ಯಾದೆಯ ದಾರಿನಾ?
ಸಮಾಲೋಚಕರ ಕಡೆಗೂ ಇದೇ ಪಾಡು. ‘ಮಕ್ಕಳ ಮುಂದ ಕುಡಿಯೂದು ನಿಮಗ ಸರಿ ಅನಸೂದಿಲ್ಲ, ಹೌದಲ್ರಿ?’ ಇಂಗ್ಲಿಷ್‌ನಲ್ಲಿ ಕೊನೆಗೆ ದನಿ ಏರಿದರೆ ಪ್ರಶ್ನೆ, ಇಳಿದರೆ ತಿರುಗಿ ಹೇಳಿದ್ದು ಅಂತ ಕಲಿಸ್ತಾರೆ. ನಮ್ಮ ‘ಹೌದಲ್ರಿ’ ಬಹಳ ಸಲ ಬರೀ ಗೌರವ. ಅದನ್ನ ಪ್ರಶ್ನೆ ಅಂತ ಎಣಿಸಿದರೆ ಚೆನ್ನಾಗಿ ಮಾತಾಡಿದವರಿಗೇ ಮಾರ್ಕ್ಸ್ ಕಡಿಮೆ.

5/5
ಅನುವಾದವನ್ನ ಮತ್ತೆ ಇಂಗ್ಲಿಷ್‌ಗೆ ತಿರುಗಿಸಿ ಹೋಲಿಸುವ ಪದ್ಧತಿ ಇದೆ. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಅದನ್ನ ವಿವರಿಸಿದರು. ಒಳ್ಳೆಯದೇ, ಆದರೆ ಅದು ಪರೀಕ್ಷೆ ಮಾಡೋದು ಕಾಗದದ ಮೇಲಿನ ಸಾಲನ್ನ. ರೋಗಿ ಬಾಯಿಂದ ಬಂದ ‘ಬಿಡಬೇಕ್ರಿ’ ಅಲ್ಲಿ ಇರೋದೇ ಇಲ್ಲ.
ಅದಕ್ಕೆ ದಾರಿ ಒಂದೇ. ಒಪ್ಪಿಗೆ ಪಡೆದು ಇಲ್ಲಿನ ಮಾತುಕತೆ ರೆಕಾರ್ಡ್ ಮಾಡಬೇಕು. ಇಲ್ಲಿನ ಮಾತು ಬಲ್ಲ ಇಬ್ಬರು ಬೇರೆ ಬೇರೆ ಕೂತು ಗುರುತು ಹಾಕಬೇಕು. ಎಲ್ಲಿ ಹೊಂದಲಿಲ್ಲವೋ ಅಲ್ಲಿ ನಿಯಮಕ್ಕೆ ನಮ್ಮ ಉದಾಹರಣೆ ಸೇರಿಸಿ ಮತ್ತೆ ಅಳೆಯಬೇಕು. ಮಾರ್ಕ್ಸ್ ಆಮೇಲೆ. ಇಲ್ಲದಿದ್ದರೆ ಮರ್ಯಾದೆಗೆ ಅಂದ ಮಾತು ‘ಬಿಡಲು ಒಪ್ಪಿದ್ದಾರೆ’ ಅಂತ ದಾಖಲಾಗ್ತದ, ಆ ಮನುಷ್ಯನನ್ನ ಮತ್ತೆ ಯಾರೂ ಕೇಳೋದಿಲ್ಲ.

ನಿಮ್ಮ ಊರಾಗ ‘ನೋಡೂಣು’ ಅಂದ್ರ ಹೌದೋ, ಅಲ್ಲೋ? ಕಮೆಂಟ್ ಮಾಡ್ರಿ.

#ಬಾಗಲಕೋಟೆ #ಬಾದಾಮಿ #ಹುನಗುಂದ #ಇಳಕಲ್ಲ #ನಮ್ಮಮಾತು