ಪಾಂಡಿಚೇರಿಯ ಉತಾರ ಬಿಜಾಪುರದ ಹೆಸರಲ್ಲಿತ್ತು

ಪಾಂಡಿಚೇರಿ ಅಂದ್ರೆ ನಮಗೆ ನೆನಪಾಗೋದು ಹಳದಿ ಗೋಡೆ, ಕಡಲು, ರೀಲ್ಸ್. ಆದರೆ ಆ ಊರನ್ನ ಫ್ರೆಂಚರಿಗೆ ಕೊಟ್ಟವರು ಯಾರು ಗೊತ್ತೇನ್ರಿ? ನಮ್ಮ ಬಿಜಾಪುರದವರು.

1673ನೇ ಇಸವಿ ತಗೊಳ್ರಿ. ಧಾರವಾಡ ಸೀಮೆ ಆಗ ಬಿಜಾಪುರದ ಆದಿಲಶಾಹಿ ಕೈಯಲ್ಲಿತ್ತು. ಸಿಂಹಾಸನದ ಮೇಲೆ ಸಿಕಂದರ್, ಇನ್ನೂ ಸಣ್ಣ ಹುಡುಗ. ಅದೇ ವರ್ಷ ಮರಾಠರು ಹುಬ್ಬಳ್ಳಿ ಪೇಟೆ ಲೂಟಿ ಮಾಡಿದರು, ಇಂಗ್ಲಿಷರ ಬಟ್ಟೆ ಕೋಠಿಯೂ ಹೋಯ್ತು. ಅದೇ ವರ್ಷ ಪೂರ್ವ ಕರಾವಳಿಯಲ್ಲಿ ಬಿಜಾಪುರದ ಅಧಿಕಾರಿ ಶೇರ್ ಖಾನ್ ಲೋದಿ, ಪುದುಚೇರಿ ಅನ್ನೋ ಹಳ್ಳಿಯಲ್ಲಿ ಫ್ರೆಂಚರಿಗೆ ಜಾಗ ಕೊಟ್ಟ. ಮದ್ರಾಸಿನ ಸಾಂತೋಮ್‌ನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಅವರಿಗೆ ಕಾಳುಕಡಿ ತರೋಕೆ ಒಂದು ನೆಲೆ ಬೇಕಿತ್ತು. 1674ರಲ್ಲಿ ಸಾಂತೋಮ್ ಕೈಬಿಟ್ಟಿತು. ಉಳಿದಿದ್ದು ಈ ಹಳ್ಳಿ, ಅಲ್ಲಿ ಫ್ರಾಂಸ್ವಾ ಮಾರ್ಟಿನ್ ಮತ್ತು ಬೆರಳೆಣಿಕೆ ಮಂದಿ.

ಈ ಮಾರ್ಟಿನ್ ದೊಡ್ಡ ಮನೆತನದವನಲ್ಲ. ಪ್ಯಾರಿಸ್ಸಿನ ವ್ಯಾಪಾರಿಯೊಬ್ಬನಿಗೆ ಮದುವೆಯಾಚೆ ಹುಟ್ಟಿದ ಮಗ. ಕಿರಾಣಿ ಅಂಗಡಿಯಲ್ಲಿ ದುಡಿದವನು, ಹೊಟ್ಟೆಪಾಡಿಗೆ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಸೇರಿದ. ನಾನು ಬಿ.ಕಾಂ. ಓದಿದವ, ಹಿಂಗಾಗಿ ನನ್ನ ಕಣ್ಣು ಮೊದಲು ಹೋಗಿದ್ದು ಅವನ ಲೆಕ್ಕದ ಕಡೆ. ಕೈಲಿದ್ದ ಕಂಪನಿ ರೊಕ್ಕ ಸುಮ್ಮನೆ ಇಡಲಿಲ್ಲ, ಶೇರ್ ಖಾನನಿಗೇ ಬಡ್ಡಿಗೆ ಕೊಟ್ಟ! ಜಾಗ ಕೊಟ್ಟ ಸಾಹೇಬರೇ ಈಗ ಸಾಲಗಾರ. ಕೋಟೆ ಕಟ್ಟೋಕಿಂತ ಇದು ಗಟ್ಟಿ ಕೆಲಸ ಅಂತ ನನಗೆ ಅನಿಸುತ್ತೆ.

ಆದರೆ 1677ರಲ್ಲಿ ಶಿವಾಜಿ ದಕ್ಷಿಣ ದಂಡಯಾತ್ರೆಗೆ ಬಂದ. ಜಿಂಜಿ ಕೋಟೆ ಹೋಯ್ತು, ಶೇರ್ ಖಾನ್ ಸೋತ. ಮಾರ್ಟಿನ್ ಏನು ಮಾಡಿದ? ಶಿವಾಜಿ ಹತ್ತಿರ ದೂತನನ್ನ ಕಳಿಸಿದ, ಇದ್ದಲ್ಲೇ ಇರೋಕೆ ಅಪ್ಪಣೆ ತಗೊಂಡ. ಉತಾರದಲ್ಲಿ ಮಾಲೀಕನ ಹೆಸರು ಬದಲಾಯ್ತು, ಒಕ್ಕಲು ಅದೇ ಉಳೀತು. ಜಾಣ ಅನ್ನಬಹುದು. ನಂಬಿಗಸ್ಥ ಗೆಳೆಯ ಅನ್ನೋಕೆ ನನಗೆ ನಾಲಿಗೆ ಏಳಲ್ಲ.

ಮುಂದಿನ ತಿರುವಿಗೆ ನಮ್ಮ ಕೆಳದಿ ಚೆನ್ನಮ್ಮನ ನಂಟಿದೆ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ದಾಟಿಸಿದಳಲ್ಲ, ಶಾಲೆಯಲ್ಲಿ ಓದಿದ ಪಾಠ ಅದು. ಪಾಠ ಅಲ್ಲಿಗೆ ಮುಗಿಯುತ್ತೆ, ರಾಜಾರಾಮ ಮಾತ್ರ ಮುಂದೆ ಜಿಂಜಿ ತಲುಪಿದ. ಅಲ್ಲಿ ಮೊಘಲರ ಮುತ್ತಿಗೆ, ಖಜಾನೆ ಖಾಲಿ. ಡಚ್ಚರು ಹೊನ್ನು ತೋರಿಸಿದರು. ಫ್ರೆಂಚರು ಒಳಗೆ ಇರುವಾಗಲೇ ಪಾಂಡಿಚೇರಿಯನ್ನ ಡಚ್ಚರಿಗೆ ಮಾರಿಬಿಟ್ಟ. 1693ರಲ್ಲಿ ಡಚ್ ಹಡಗುಗಳು ಬಂದವು, ಮಾರ್ಟಿನ್ ಶರಣಾದ.

ಇಷ್ಟೆಲ್ಲಾ ಸಹಿ, ಹೊನ್ನು, ದೂತರ ನಡುವೆ ಅಲ್ಲಿನ ನೇಕಾರರನ್ನ, ಮೀನುಗಾರರನ್ನ ಒಮ್ಮೆಯಾದರೂ ಯಾರಾದರೂ ಕೇಳಿದ್ರಾ? ಕಂಪನಿಗಳು ಬಡಿದಾಡಿದ್ದೇ ಅವರ ಮಗ್ಗದ ಬಟ್ಟೆಗೆ. ನವಲಗುಂದದ ಜಮಖಾನ ನೇಯೋರ ಹಿರಿಯರೂ ಬಿಜಾಪುರದಿಂದ ಬಂದವರು ಅಂತಾರೆ. ರಾಜರು ಸೋತಾಗ ಮಗ್ಗ ಹೊತ್ತು ಊರು ಬಿಡೋದು ನೇಕಾರರೇ.

1697ರಲ್ಲಿ ಯುರೋಪಿನ ರೈಸ್ವಿಕ್‌ನಲ್ಲಿ ಒಪ್ಪಂದ ಆಗಿ ಊರು ಮತ್ತೆ ಫ್ರೆಂಚರ ಪಾಲಾಯ್ತು. ಮಾರ್ಟಿನ್ 1699ರಲ್ಲಿ ವಾಪಸ್ ಬಂದ, 1706ರ ಡಿಸೆಂಬರ್ 31ಕ್ಕೆ ಅಲ್ಲೇ ತೀರಿಕೊಂಡ. ಜಾಗ ಕೊಟ್ಟ ಬಿಜಾಪುರ 1686ರಲ್ಲೇ ಮೊಘಲರ ಪಾಲಾಗಿತ್ತು. ಫ್ರೆಂಚರು ಆಡಳಿತ ಬಿಟ್ಟುಕೊಟ್ಟಿದ್ದು 1954ರ ನವೆಂಬರ್ 1ಕ್ಕೆ. ಹೌದು, ನಮ್ಮ ರಾಜ್ಯೋತ್ಸವದ ತಾರೀಖೇ, ಕರ್ನಾಟಕ ಒಂದಾಗೋಕೆ ಇನ್ನೂ 2 ವರ್ಷ ಇತ್ತು.