ಪದ ಪರಿಚಯ: ಕಾರಣಿಕ

ಸಂಸ್ಕೃತದ ‘ಕಾರಣ’ಕ್ಕೆ ‘ಇಕ’ ಸೇರಿ ಆದ ಪದ. ಆಡುಮಾತಿನಲ್ಲಿ ಕಾರ್ಣಿಕ. ಹಳಗನ್ನಡದಲ್ಲಿ ದೈವಾಂಶವುಳ್ಳವನು, ಒಂದು ಕಾರಣಕ್ಕಾಗಿ ಹುಟ್ಟಿಬಂದವನು ಎಂಬ ಅರ್ಥ. ತುಳುನಾಡಿನಲ್ಲಿ ಅದು ದೈವದ ಮಹಿಮೆ. ಕೂಡ್ಲಿಗಿಯ ಹೊಸಹಳ್ಳಿಯಿಂದ ಹಡಗಲಿವರೆಗೆ ಮಾತ್ರ ಕಾರಣಿಕವೆಂದರೆ ಮೈಲಾರಲಿಂಗ ದೇವರ ಭವಿಷ್ಯನುಡಿ, ಬೇರೇನಲ್ಲ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ. ಡೆಂಕನಮರಡಿಯಲ್ಲಿ ಮೈಲಾರಲಿಂಗನ ಭಕ್ತನಾದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷಾಂತರ ಜನ ಗಪ್‌ಚಿಪ್. ಒಂದೇ ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಲ್ಲಿ ಯಾರ ಹೆಸರೂ ಇರುವುದಿಲ್ಲ. ಆದರೂ ಶೇಂಗಾ ಬಿತ್ತುವವನಿಗೆ ಅದು ಮಳೆಯ ಮಾತು, ವ್ಯಾಪಾರಿಗೆ ದರದ ಮಾತು, ರಾಜಕಾರಣಿಗೆ ಕುರ್ಚಿಯ ಮಾತು. (ಮರುದಿನದ ಪತ್ರಿಕೆಗಳಿಗೆ ಕುರ್ಚಿಯದೇ ಹೆಚ್ಚು ರುಚಿ.)

ಯಹೂದಿ ಮಿದ್ರಾಶ್ ವ್ಯಾಖ್ಯಾನಗಳೂ ಇಂಥದೇ ಮಾತು ಹೇಳುತ್ತವೆ: ಸಿನಾಯ್ ಬೆಟ್ಟದಲ್ಲಿ ದೇವರ ದನಿ ಮುದುಕರು, ಮಕ್ಕಳು, ಹೆಂಗಸರು ಎಲ್ಲರಿಗೂ ಅವರವರ ಶಕ್ತಿಗೆ ತಕ್ಕಂತೆ ಕೇಳಿಸಿತಂತೆ. ಅಲ್ಲಿ ದನಿಯೇ ಹಲವಾಗುತ್ತದೆ. ಮೈಲಾರದಲ್ಲಿ ಹಲವಾಗುವುದು ಅರ್ಥ.

ರಾಣೆಬೆನ್ನೂರು ಬಳಿಯ ದೇವರಗುಡ್ಡದಲ್ಲೂ ಕಾರಣಿಕವುಂಟು, ದಸರೆಯ ಹೊತ್ತಿಗೆ.