ಸೂರ್ಯಬಿಂಬದ ಮೇಲೊಂದು ಕರಿ ಚುಕ್ಕೆ

ಗಬ್ಬೂರದ ನಮ್ಮ ಮನೆಯ ಹಿತ್ತಲಲ್ಲಿ ದೂರದರ್ಶಕದ ಮೂಲಕ ಶನಿಯ ಬಳೆಗಳನ್ನು ಕಂಡ ವಿದ್ಯಾರ್ಥಿಗಳು ಅನೇಕರು. ಶುಕ್ರನನ್ನು ಹಾಡುಹಗಲಿನಲ್ಲಿ, ಅದೂ ಸೂರ್ಯನ ಮೈಮೇಲೆ, ಕಂಡವರು ಕೆಲವರೇ. ಆ ದರ್ಶನದ ಹಿಂದಿನ ಇತಿಹಾಸವನ್ನು ಬರೆದಿಡಬೇಕೆಂದು ಅವರಲ್ಲೊಬ್ಬರು ಕೇಳಿದ್ದರಿಂದ ಈ ಲೇಖನ.

ಶುಕ್ರನು ಭೂಮಿಗೂ ಸೂರ್ಯನಿಗೂ ನಡುವೆ ಬಂದು, ಸೂರ್ಯಬಿಂಬವನ್ನು ಕರಿ ಚುಕ್ಕೆಯಾಗಿ ದಾಟುವುದೇ ಶುಕ್ರ ಸಂಕ್ರಮಣ. ಅವನ ಕಕ್ಷೆ ನಮ್ಮದಕ್ಕಿಂತ ತುಸು ವಾರೆಯಾಗಿರುವುದರಿಂದ ಇದು ಬಲು ವಿರಳ. ಎಂಟು ವರ್ಷಗಳ ಅಂತರದಲ್ಲಿ ಎರಡು ಸಲ ಒದಗಿದರೆ ಮತ್ತೆ ನೂರು ವರ್ಷಕ್ಕೂ ಮಿಕ್ಕಿ ಕಾಯಬೇಕು. ಭೂಮಿಯ ದೂರದೂರದ ಸ್ಥಳಗಳಿಂದ ಇದರ ವೇಳೆಯನ್ನು ಅಳೆದರೆ ಸೂರ್ಯನ ದೂರವನ್ನು ಲೆಕ್ಕಹಾಕಬಹುದೆಂದು ಎಡ್ಮಂಡ್ ಹ್ಯಾಲಿ 1716ರಲ್ಲಿ ತೋರಿಸಿಕೊಟ್ಟನು. ತನ್ನ ಆಯುಷ್ಯದಲ್ಲಿ ಅದು ಒದಗದೆಂದು ಅವನಿಗೆ ತಿಳಿದಿತ್ತು.

ಹ್ಯಾಲಿಯ ಮಾತನ್ನು ನಂಬಿ ಹೊರಟವರಲ್ಲಿ ಫ್ರಾನ್ಸಿನ ಲ ಜಾಂತಿಯ ಪಾಡು ಯಾರಿಗೂ ಬೇಡ. 1760ರಲ್ಲಿ ಪುದುಚೇರಿಗೆ ಹಡಗು ಹತ್ತಿದನು. ಅಷ್ಟರಲ್ಲಿ ಆ ಊರು ಇಂಗ್ಲಿಷರ ವಶವಾಯಿತು. 1761ರ ಜೂನ್ 6ರಂದು ಅವನು ನಡುಗಡಲಲ್ಲಿದ್ದನು. ತೊನೆಯುವ ಹಡಗಿನ ಮೇಲೆ ನಿಂತು ಸೆಕೆಂಡುಗಳನ್ನು ಅಳೆಯುವುದೆಂತು? ಮುಂದಿನದಕ್ಕಾಗಿ ಎಂಟು ವರ್ಷ ಇತ್ತಕಡೆಯೇ ಉಳಿದನು. 1769ರಲ್ಲಿ ಪುದುಚೇರಿಯಲ್ಲಿ ಎಲ್ಲ ಸಿದ್ಧತೆಯೂ ಮುಗಿದಿತ್ತು. ಆ ಮುಂಜಾವಿನಲ್ಲಿ ಮೋಡ ಕವಿಯಿತು. 1771ರಲ್ಲಿ ಊರು ಸೇರಿದಾಗ, ಅವನು ಸತ್ತನೆಂದು ಭಾವಿಸಿ ಬಂಧುಗಳು ಆಸ್ತಿ ಹಂಚಿಕೊಳ್ಳತೊಡಗಿದ್ದರು. ಅದೇ ವರ್ಷ ಇಂಗ್ಲೆಂಡಿನ ಥಾಮಸ್ ಹಾರ್ನ್ಸ್‌ಬಿ ಇತರರ ವೀಕ್ಷಣೆಗಳಿಂದ ಸೂರ್ಯನ ದೂರವನ್ನು ಸುಮಾರು 15.08 ಕೋಟಿ ಕಿಲೋಮೀಟರ್ ಎಂದು ಗಣಿಸಿದನು. ಇಂದಿನ ಲೆಕ್ಕ 14.96 ಕೋಟಿ.

2004ರ ಜೂನ್ 8ರಂದು ನಮಗೂ ಮೋಡದ್ದೇ ಚಿಂತೆ. ಮಳೆಗಾಲದ ಮೊದಲ ದಿನಗಳು. ದೂರದರ್ಶಕದಲ್ಲಿ ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣೇ ಹೋದೀತು. ಆದ್ದರಿಂದ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿದೆವು. ಹನ್ನೊಂದು ಗಂಟೆಗೆ ಮೊದಲೇ ಆರಂಭವಾಗಿ ಸಂಜೆ ಐದರ ಸುಮಾರಿಗೆ ಮುಗಿಯುವ ಸಂಕ್ರಮಣ. ಮೋಡ ಸರಿದಾಗಲೆಲ್ಲ, ಬಿಂಬದ ಮೂವತ್ತೆರಡನೆಯ ಒಂದು ಪಾಲಿನಷ್ಟು ಅಗಲದ ಆ ಚುಕ್ಕೆ ಹಾಳೆಯ ಮೇಲೆ ಸ್ವಲ್ಪ ಮುಂದೆ ಸರಿದಿರುತ್ತಿತ್ತು. ನೆರೆಮನೆಯ ಅಜ್ಜಿಯೊಬ್ಬರು ಗ್ರಹಣವೆಂದು ಮೊಮ್ಮಕ್ಕಳನ್ನು ಒಳಗೇ ಕೂಡಿಸಿದ್ದರು. ಕೊನೆಗೆ ತಾವೇ ಬಂದು ಹಾಳೆಯನ್ನು ನೋಡಿ, ಮಕ್ಕಳನ್ನೂ ಕರೆದರು.

ಆ ಅಜ್ಜಿಯಂಥವರಿಗಾಗಿಯೇ ಶ್ರಮಿಸಿದವರು ಚಿಂತಾಮಣಿ ರಘುನಾಥಾಚಾರಿ. ಇವರ ಹೆಸರನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಕಂಡದ್ದಿಲ್ಲ. ಮದರಾಸು ವೀಕ್ಷಣಾಲಯದಲ್ಲಿ ದುಡಿಯುತ್ತ, 1867ರಲ್ಲಿ ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಗುರುತಿಸಿದವರು. 1874ರ ಡಿಸೆಂಬರ್ 9ರ ಸಂಕ್ರಮಣಕ್ಕೆ ಮುನ್ನ, ಇಂಗ್ಲಿಷ್ ಬಾರದವರಿಗೂ ತಿಳಿಯಲೆಂದು ಇವರು ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಹೊರಬಂದಿತು. ಪಂಚಾಂಗದ ಗಣಿತವು ಆಕಾಶದಲ್ಲಿ ಕಾಣುವುದರೊಡನೆ ತಾಳೆಯಾಗಬೇಕೆಂಬುದು ಅವರ ಹಟ. ಅಂದಿನ ಸಂಕ್ರಮಣ ಭಾರತಕ್ಕೆ ಬೆಳಗಿನ ಹೊತ್ತಿನಲ್ಲಿ ಒದಗಿತು. 1882ರದ್ದು ನಮ್ಮಲ್ಲಿ ಸೂರ್ಯಾಸ್ತದ ಅನಂತರ ನಡೆಯಿತು. ಅದಕ್ಕೆ ಎರಡು ವರ್ಷ ಮೊದಲೇ ರಘುನಾಥಾಚಾರಿಗಳು ತೀರಿಕೊಂಡಿದ್ದರು.